ಕೊಡಪ್ಪಾನ ತುಂಬುವವರೆಗೆ

2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಗೊತ್ತುಮಾಡಿತು. ಸುದ್ದಿ ಪತ್ರಿಕೆಯಲ್ಲಿ ಬಂದ ವಾರದೊಳಗೆ ನಮ್ಮೂರ ವಾಚನಾಲಯದ ಇಬ್ಬರು ಹುಡುಗರು ಮನೆಗೆ ಬಂದರು. "ಮಾಷ್ಟ್ರೇ, ನೀವು ದಿನಾ ಬೆಳಿಗ್ಗೆ ಧ್ಯಾನಕ್ಕೆ ಕೂರುವವರಲ್ಲವಾ, ಆ ದಿನ ಹತ್ತು ನಿಮಿಷ ಮಾತಾಡಬೇಕು" ಎಂದು ಒಬ್ಬ ಕನ್ನಡದಲ್ಲಿ ಕೇಳಿದ. ಇನ್ನೊಬ್ಬ ಮಲೆಯಾಳದಲ್ಲಿ ಒತ್ತಾಯ ಮಾಡಿದ. ಹೋದೆ. ಬೆನ್ನು ನೆಟ್ಟಗಿರಲಿ, ಒಂದೇ ಹೊತ್ತು ಒಂದೇ ಜಾಗ ಇರಲಿ, ಫಲದ ಆಸೆ ಬೇಡ ಎಂದೆಲ್ಲ ಹೇಳಿದೆ. ಚಪ್ಪಾಳೆ ತಟ್ಟಿದರು, ಚಹಾ ಕೊಟ್ಟರು. ಮನೆಗೆ ಮರಳುವಾಗ ಮಾತ್ರ ಮನಸ್ಸಿಗೆ ಏನೋ ಕದ್ದು ತಂದವನ ಹಾಗೆ ಆಯಿತು. ನಾನು ಧ್ಯಾನಕ್ಕೆ ಕೂತದ್ದು ಯಾಕೆ ಎಂಬ ಮುಖ್ಯ ಸಂಗತಿಯನ್ನೇ ಅಲ್ಲಿ ಹೇಳಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಯಾರು ಕಡೆಯ ಗುಡ್ಡದ ತಪ್ಪಲಲ್ಲಿ ನಮ್ಮ ಮನೆ. ಮನೆಯ ಹಿಂದೆ ಗುಡ್ಡ, ಮುಂದೆ ಅಡಕೆ ತೋಟ. ನಾನು ಕನ್ನಡ ಮಾಧ್ಯಮದ ಯು.ಪಿ. ಶಾಲೆಯೊಂದರಲ್ಲಿ ಪಾಠ ಹೇಳಿ 2014ರ ಮಾರ್ಚ್‌ನಲ್ಲಿ ನಿವೃತ್ತನಾದವನು. ಶಾಲೆಯಲ್ಲಿ ನನಗೆ ಸಿಟ್ಟಿನ ಮಾಷ್ಟ್ರು ಎಂದೇ ಹೆಸರು. ಮಕ್ಕಳ ಸಂಖ್ಯೆ ವರ್ಷ ವರ್ಷ ಇಳಿಯುವುದನ್ನು ಕಾಣುತ್ತ, ಡಿವಿಜನ್ ಉಳಿಸಲು ಮನೆ ಮನೆ ಹತ್ತಿ ಇಳಿಯುತ್ತ, ಆ ಸಿಟ್ಟು ಇನ್ನಷ್ಟು ಬೆಳೆದಿತ್ತು. ಪೆನ್ಶನ್ ಆದ ಮೇಲೆ ಅದು ಹೋಗಲು ಬೇರೆ ಜಾಗವಿಲ್ಲದೆ ನನ್ನ ಜೊತೆಗೇ ಮನೆಗೆ ಬಂತು.

ಮನೆಯಲ್ಲಿ ಅಬ್ಬೆ. ಎಂಬತ್ತರ ಹತ್ತಿರದ ಪ್ರಾಯ. 2016ರ ಸುಮಾರಿಗೆ ಅವಳ ನೆನಪು ಒಂದೊಂದೇ ಕಳಚತೊಡಗಿತು. ಮೊದಲು ನೆಂಟರ ಹೆಸರುಗಳು, ಆಮೇಲೆ ತಿಂಗಳು, ವಾರ, ಹೊತ್ತು. ಕೊನೆಗೆ ಉಳಿದದ್ದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಕೊಡಪ್ಪಾನ ತುಂಬಿತ್ತಾ, ಮಾಣೀ?"

ಈ ಪ್ರಶ್ನೆಯ ಹಿಂದೆ ಅವಳ ಒಂದು ಆಯುಷ್ಯವೇ ಇತ್ತು. ನಮ್ಮ ಗುಡ್ಡದಲ್ಲಿ ಅಜ್ಜನ ಕಾಲದಲ್ಲಿ ತೋಡಿದ ಒಂದು ಸುರಂಗ ಉಂಟು. ಕಾಸರಗೋಡಿನ ಗುಡ್ಡದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ಇದು ಬಾವಿಯಂತೆ ಕೆಳಗೆ ಇಳಿಯುವುದಿಲ್ಲ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ, ಒಬ್ಬ ಮನುಷ್ಯ ಹೋಗುವಷ್ಟೇ ಅಗಲಕ್ಕೆ, ಕೈಯಿಂದಲೇ ಕೊರೆದ ದಾರಿ. ತೋಡುವವನು ಪಿಕ್ಕಾಸಿನ ಜೊತೆಗೆ ಒಂದು ಮೇಣದ ಬತ್ತಿಯನ್ನೂ ಒಯ್ಯುತ್ತಾನೆ. ಬತ್ತಿ ಸಣ್ಣಗಾದರೆ ಒಳಗೆ ಉಸಿರಾಡುವ ಗಾಳಿ ಕಡಿಮೆಯಾಯಿತೆಂದು ಲೆಕ್ಕ, ಹೊರಗೆ ಬರಬೇಕು. ನಮ್ಮದು ನಲುವತ್ತು ಕೋಲು ಉದ್ದ, ಅಂದರೆ ನೂರು ಅಡಿ. ಕಲ್ಲಿನೊಳಗಿನ ಒರತೆ ತನ್ನಷ್ಟಕ್ಕೆ ಹರಿದು ಬರುತ್ತದೆ, ಎತ್ತುವ ಕೆಲಸವಿಲ್ಲ. ಬಾಯಿಯಲ್ಲಿ ಒಂದು ಅಡಕೆ ದಂಬೆ ಇಟ್ಟು, ಕೆಳಗೆ ಕೊಡಪ್ಪಾನ ಇಟ್ಟರೆ ಆಯಿತು. ಮಳೆಗಾಲದಲ್ಲಿ ಅದು ನಿಮಿಷದಲ್ಲಿ ತುಂಬಿ ಚೆಲ್ಲುತ್ತದೆ. ಮೀನ, ಮೇಷ ತಿಂಗಳಲ್ಲಿ ನೀರು ನೂಲಿನಂತಾಗಿ, ನೂಲು ಕಡಿದು ಹನಿಯಾಗುತ್ತದೆ. ಆಗ ಒಂದು ಕೊಡಪ್ಪಾನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಕಾಯಬೇಕು.

ಮದುವೆಯಾಗಿ ಬಂದ ಮರುದಿನದಿಂದ ಅಬ್ಬೆ ಕಾದಳು. ನಾನು ಸಣ್ಣವನಿರುವಾಗ ನೋಡಿದ್ದೇನೆ, ಬಾಯಿಯ ಪಕ್ಕದ ಕಲ್ಲಿನ ಮೇಲೆ ಮೊಣಕಾಲು ಮಡಚಿ ಕೂತಿರುತ್ತಿದ್ದಳು. ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಹಾಡಿಲ್ಲ. ದಿನವಿಡೀ ಓಡುವ ಅಬ್ಬೆ ಸುಮ್ಮನೆ ಕೂರುವುದು ಅದೊಂದೇ ಹೊತ್ತು. ಎಂತ ಮಾಡುತ್ತಿದ್ದೀ ಎಂದು ಒಮ್ಮೆ ಕೇಳಿದ್ದಕ್ಕೆ, ನೀರು ಬೀಳುವುದನ್ನು ಕೇಳುತ್ತಿದ್ದೇನೆ ಎಂದಿದ್ದಳು. ಹುಡುಗನಾದ ನನಗೆ ಅದು ಉತ್ತರವೆಂದೇ ಅನಿಸಿರಲಿಲ್ಲ.

2005ರಲ್ಲಿ ಬೋರ್‌ವೆಲ್ ಹಾಕಿಸಿದೆವು. ಅಡುಗೆಮನೆಗೆ ನಳ್ಳಿ ಬಂತು. ಸುರಂಗದ ನೀರು ತೋಟದ ಕೆರೆಗೆ ಹೋಯಿತು. ಆದರೆ ಅಬ್ಬೆಯ ಕಾಫಿಗೆ ಮಾತ್ರ ಸುರಂಗದ ನೀರೇ ಆಗಬೇಕು. ಎಲ್ಲವನ್ನೂ ಮರೆತ ಮೇಲೂ ಅವಳ ನಾಲಗೆ ಅದನ್ನು ಮರೆಯಲಿಲ್ಲ. ನಳ್ಳಿ ನೀರಿನ ಕಾಫಿ ಕೊಟ್ಟರೆ ಒಂದು ಗುಟುಕು ಕುಡಿದು ಲೋಟವನ್ನು ಬದಿಗೆ ಸರಿಸುತ್ತಿದ್ದಳು. ಹಾಗಾಗಿ ನನ್ನ ಹೆಂಡತಿ ದಿನಾ ಬೆಳಿಗ್ಗೆ ಒಂದು ಕೊಡಪ್ಪಾನ ನೀರು ತರುತ್ತಿದ್ದಳು.

2018ರ ಕುಂಭ ತಿಂಗಳ ಒಂದು ರಾತ್ರಿ. ಅಬ್ಬೆಗೆ ನಿದ್ದೆ ಇಲ್ಲ. ಹನ್ನೊಂದು ಗಂಟೆಯಿಂದ ಆ ಪ್ರಶ್ನೆ ಸುರುವಾಯಿತು. ತುಂಬಿತು ಎಂದೆ. ಎರಡು ನಿಮಿಷಕ್ಕೆ ಮತ್ತೆ ಕೇಳಿದಳು. ಮಲಗು ಎಂದೆ. ಮತ್ತೆ ಕೇಳಿದಳು. ಎರಡೂವರೆಗೆ ಎದ್ದು ಬಾಗಿಲಿನ ಅಗುಳಿ ತೆಗೆಯಲು ಹೊರಟಳು. ನಾನು ಕೈ ಹಿಡಿದೆ. ಹಿಡಿದೆ ಎಂದರೆ ಸರಿಯಾಗಲಿಕ್ಕಿಲ್ಲ. ಮುಂಗೈಯನ್ನು ತಿರುಚಿದ ಹಾಗೆ ಹಿಡಿದು, ಬೊಬ್ಬೆ ಹಾಕಿ, ಮಂಚಕ್ಕೆ ದೂಡಿದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡಿ, "ನೀವು ಯಾರು?" ಎಂದು ಪುಸ್ತಕದ ಕನ್ನಡದಲ್ಲಿ, ಪರವೂರವರೊಡನೆ ಮಾತಾಡುವ ಹಾಗೆ ಕೇಳಿದಳು.

ಎರಡು ದಿನ ಕಳೆದು ಪಾಲಿಯೇಟಿವ್ ಸಿಸ್ಟರ್ ಬಂದರು. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿಯೊಂದನ್ನು ತಂದ ಮೇಲೆ, ಹಾಸಿಗೆ ಹಿಡಿದವರ ಮನೆಗೆ ಪಂಚಾಯತಿನ ಮೂಲಕ ನರ್ಸ್ ಬರುವ ಏರ್ಪಾಡು ಬೆಳೆಯಿತು. ನಮ್ಮ ಸಿಸ್ಟರಿಗೆ ಕನ್ನಡ ಬಾರದು, ಅಬ್ಬೆಗೆ ಮಲೆಯಾಳ ಬಾರದು. ಆದರೂ ಅವರಿಬ್ಬರ ಮಾತುಕತೆಗೆ ನಾನು ದುಭಾಷಿಯಾಗಬೇಕಾದ ಪ್ರಸಂಗ ಬಂದದ್ದೇ ಇಲ್ಲ. ಅಂದು ಪ್ರೆಶರ್ ನೋಡಲು ಅಬ್ಬೆಯ ಸೆರಗು ಸರಿಸಿದಾಗ ಮುಂಗೈಯಲ್ಲಿ ನೀಲಿಗಟ್ಟಿದ ನಾಲ್ಕು ಬೆರಳಿನ ಗುರುತು ಕಂಡಿತು. ಸಿಸ್ಟರ್ ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ಎಣ್ಣೆ ಹಚ್ಚಿ ಮೆಲ್ಲನೆ ತಿಕ್ಕಿದರು. ಆಮೇಲೆ ಪಟ್ಟಿಯನ್ನು ನನ್ನ ತೋಳಿಗೆ ಸುತ್ತಿದರು. 170, ಕೆಳಗಿನದ್ದು 104. "ಅಮ್ಮಯ್ಕು ಮರುನ್ನುಂಡು, ಮಾಷಿನು ವೇಂಡೇ?" ಎಂದು ಕೇಳಿದರು. ಅಮ್ಮನಿಗೆ ಮದ್ದು ಉಂಟು, ಮಾಷಿಗೆ ಬೇಡವೇ? ಅವರು ಬೈದಿದ್ದರೆ ನಾನು ಎದುರು ಮಾತಾಡುತ್ತಿದ್ದೆನೋ ಏನೋ. ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಡಾಕ್ಟರು ಪ್ರೆಶರಿಗೆ ಮಾತ್ರೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು, ದಿನಕ್ಕೆ ಇಪ್ಪತ್ತು ನಿಮಿಷ ಎಲ್ಲಾದರೂ ಸುಮ್ಮನೆ ಕೂರಿ ಎಂದರು. ಮೊದಲ ಎರಡು ಸುಲಭ. ಮೂರನೆಯದಕ್ಕೆ ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಪೇಟೆಯಲ್ಲಿ ಹತ್ತು ದಿನದ ಒಂದು ತರಗತಿಗೆ ಸೇರಿದೆ. ಹನ್ನೊಂದನೆಯ ದಿನ ಮನೆಯಲ್ಲಿ ಕೂತರೆ ಹಟ್ಟಿಯ ದನ ಕೂಗಿದ್ದೇ ಕೇಳುತ್ತಿತ್ತು. ಫೋನಿನಲ್ಲಿ ಕೊಳಲಿನ ಸ್ವರ ಹಾಕಿ ಕೂತೆ, ನಿದ್ದೆ ಬಂತು. ನಾಲ್ಕು ಗಂಟೆಗೆ ಎದ್ದು ಪದ್ಮಾಸನ ಹಾಕಿದೆ, ಮೊಣಕಾಲು ಹಿಡಿಯಿತು.

ಕಾಞಂಗಾಡಿನ ಆನಂದಾಶ್ರಮಕ್ಕೂ ಹೋದೆ. ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆ ಜಾಗ ನಮ್ಮ ಜಿಲ್ಲೆಯವರಿಗೆಲ್ಲ ಪರಿಚಿತ. ಅಲ್ಲಿ ರಾಮನಾಮ ನಡೆಯುತ್ತಿತ್ತು. ಭಜನೆಯ ಮಂದಿರದ ಮೂಲೆಯಲ್ಲಿ ಕೂತೆ. ಎಷ್ಟೋ ವರ್ಷಗಳ ಮೇಲೆ ಎದೆಯೊಳಗೆ ಗಂಟು ಬಿಚ್ಚಿದ ಹಾಗಾಯಿತು. ಆದರೆ ಆ ಶಾಂತಿಯನ್ನು ರೈಲಿನಲ್ಲಿ ಉಪ್ಪಳದವರೆಗೂ ತರಲು ನನ್ನಿಂದಾಗಲಿಲ್ಲ. ಕುಂಬಳೆ ದಾಟುವಾಗ ಮನೆಯ ಯೋಚನೆ ಹತ್ತಿತು, ಜಗಲಿ ಏರುವಾಗ ಹಳೆಯ ಮನುಷ್ಯನೇ ಏರಿದ. ತಪ್ಪು ಆಶ್ರಮದ್ದಲ್ಲ. ರಾಮದಾಸರು 1922ರಲ್ಲಿ ಮಂಗಳೂರಿನ ಸಂಸಾರವನ್ನು ಬಿಟ್ಟು ಹೊರಟವರು. ನನಗೆ ಬಿಟ್ಟು ಹೊರಡುವ ಹಾಗಿರಲಿಲ್ಲ, ಇದ್ದಲ್ಲೇ ಆಗಬೇಕಿತ್ತು.

ದಾರಿ ತೋರಿಸಿದವಳು ಹೆಂಡತಿ. ಶಾಸ್ತ್ರ ಹೇಳಿ ಅಲ್ಲ. "ನಾಳೆಯಿಂದ ಸುರಂಗದ ನೀರಿಗೆ ನೀವು ಹೋಗಿ, ನನಗೆ ಮೊಣಕಾಲು ಕೂಡುವುದಿಲ್ಲ" ಎಂದಳು. ಕೈಯ ಗುರುತನ್ನು ಅವಳೂ ನೋಡಿದ್ದಳು. ಅದು ಶಿಕ್ಷೆಯೋ, ಪ್ರಾಯಶ್ಚಿತ್ತವೋ, ನಿಜವಾಗಿಯೂ ಮೊಣಕಾಲು ನೋವೋ, ನಾನು ಇವತ್ತಿನವರೆಗೂ ಕೇಳಲಿಲ್ಲ.

ಮರುದಿನ ಆರು ಗಂಟೆಗೆ ಹೆಗಲಿಗೆ ಬೈರಾಸು ಹಾಕಿಕೊಂಡು ಹೋದೆ. ದಂಬೆಯ ಕೆಳಗೆ ಕೊಡಪ್ಪಾನ ಇಟ್ಟು ಅಬ್ಬೆಯ ಕಲ್ಲಿನ ಮೇಲೆ ಕೂತೆ. ಬರಿದಾದ ತಾಮ್ರಕ್ಕೆ ಮೊದಲ ಹನಿ ಬಿದ್ದಾಗ ಗಂಟೆ ಬಾರಿಸಿದ ಹಾಗೆ ಕೇಳಿತು. ಆಮೇಲೆ ತಳದಲ್ಲಿ ನೀರು ನಿಂತ ಹಾಗೆ ಸ್ವರ ಬದಲಾಗುತ್ತ ಹೋಯಿತು. ಮೊದಲ ದಿನ ಹನಿ ಲೆಕ್ಕ ಮಾಡಿದೆ, ಬೇಜಾರು ಬಂತು. ಎರಡನೆಯ ದಿನ ಪೇಪರು ಒಯ್ದೆ, ಬೆಳಕು ಸಾಲಲಿಲ್ಲ. ಮೂರನೆಯ ದಿನ ಏನೂ ಒಯ್ಯದೆ ಕೂತೆ. ಮನಸ್ಸು ತೋಟಕ್ಕೆ ಹೋಯಿತು, ಅಡಕೆ ಧಾರಣೆಗೆ ಹೋಯಿತು, ಹಳೆಯ ಹೆಡ್‌ಮಾಷ್ಟ್ರ ಜೊತೆ ಜಗಳ ಮಾಡಿ ಗೆದ್ದು ಬಂತು. ಬಂದು ನೋಡಿದರೆ ಹನಿ ಬೀಳುತ್ತಲೇ ಇತ್ತು. ಮತ್ತೆ ಹೋಯಿತು, ಮತ್ತೆ ಬಂತು. ಕೊಡಪ್ಪಾನ ತುಂಬುವಾಗ ಎದ್ದೆ. ಅಷ್ಟೇ. ನಾನು ಧ್ಯಾನ ಮಾಡುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ; ನೀರಿಗೆ ಕಾಯುತ್ತಿದ್ದೆ.

ಒಂದು ತಿಂಗಳಾದ ಮೇಲೆ ಬೆಂಗಳೂರಿನಲ್ಲಿರುವ ಮಗಳಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ಓದುವವಳು. ಹಾರ್ವರ್ಡಿನ ವೈದ್ಯ ಹರ್ಬರ್ಟ್ ಬೆನ್ಸನ್ ಎಂಬವರು 1975ರಲ್ಲಿ ಬರೆದ ಪುಸ್ತಕದಲ್ಲಿಯೂ ಸಾರಾಂಶ ಇಷ್ಟೇ ಎಂದಳು: ಒಂದು ಶಬ್ದವನ್ನೋ ಉಸಿರನ್ನೋ ಹಿಡಿದುಕೊಳ್ಳುವುದು, ಬೇರೆ ಯೋಚನೆ ಬಂದರೆ ಅದರೊಡನೆ ಗುದ್ದಾಡದೆ ಪುನಃ ಶಬ್ದಕ್ಕೆ ಮರಳುವುದು. ಅಷ್ಟು ಮಾಡಿದರೆ ಉಸಿರು, ಎದೆಬಡಿತ ತಾವಾಗಿ ನಿಧಾನವಾಗುತ್ತವಂತೆ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಭ್ಯಾಸದ ಲೆಕ್ಕವನ್ನೂ ಹೇಳಿದಳು. ದಿನದ ಯಾವುದಾದರೂ ನಿತ್ಯದ ಕೆಲಸಕ್ಕೆ ಹೊಸ ಅಭ್ಯಾಸವನ್ನು ಕಟ್ಟಿಹಾಕಿಕೊಂಡವರಿಗೆ ಅದು ತಾನಾಗಿ ನಡೆಯುವಂತಾಗಲು ಹಿಡಿದ ಕಾಲದ ನಡುವಿನ ಲೆಕ್ಕ 66 ದಿನ. ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೂ ವ್ಯತ್ಯಾಸ. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟುಹೋಗುವುದಿಲ್ಲ ಎಂಬುದೂ ಅದರಲ್ಲಿತ್ತು. ಇದನ್ನು ಕೇಳಿ ನನಗೆ ಪತಂಜಲಿ ನೆನಪಾದರು. ಅಭ್ಯಾಸ ಗಟ್ಟಿಯಾಗಬೇಕಾದರೆ ಬಹುಕಾಲ ಬೇಕು, ಬಿಡದೆ ಬೇಕು, ಆದರದಿಂದ ಬೇಕು ಎಂಬುದು ಅವರ ಅಭಿಪ್ರಾಯ. ಮೊದಲ ಎರಡು ನನಗೆ ಅಬ್ಬೆಯ ಕಾಫಿಯಿಂದ ಬಂದವು. ಮೂರನೆಯದು ತಡವಾಗಿ ಬಂತು.

ನನ್ನ ಮಟ್ಟಿಗೆ ಕಲಿತದ್ದು ಇದು. ನಾಳೆಯಿಂದ ಧ್ಯಾನ ಮಾಡುತ್ತೇನೆ ಎಂದು ಹೊರಟವನಿಗೆ ಮಾಡದಿರಲು ನೂರು ಕಾರಣ ಸಿಗುತ್ತದೆ. ಇನ್ನೊಬ್ಬರಿಗೆ ನೀರು ಬೇಕು ಎಂದು ಹೊರಟವನಿಗೆ ಕಾರಣ ಸಿಗುವುದಿಲ್ಲ. ಸುರಂಗವಿಲ್ಲದವರಿಗೂ ಮನೆಯಲ್ಲಿ ಇಂಥದ್ದೊಂದು ಕಾಯುವ ಹೊತ್ತು ಇದ್ದೇ ಇರುತ್ತದೆ. ಹಾಲು ಉಕ್ಕುವವರೆಗೆ, ಗಂಜಿ ಬೇಯುವವರೆಗೆ, ದೇವರ ಮುಂದಿನ ಬತ್ತಿ ಹೊತ್ತಿ ನಿಲ್ಲುವವರೆಗೆ. ಆ ಹೊತ್ತಿಗೆ ಫೋನು ಹಿಡಿಯದಿದ್ದರೆ ಅರ್ಧ ಕೆಲಸ ಆದಂತೆ.

ಆದರೆ ಮಿಥುನ ತಿಂಗಳು ಬಂತು. ಮಳೆ ಹಿಡಿಯಿತು. ಗುಡ್ಡ ನೀರು ಕುಡಿದು, ದಂಬೆ ಬೆರಳು ದಪ್ಪಕ್ಕೆ ಸುರಿಯತೊಡಗಿತು. ಕೊಡಪ್ಪಾನ ಇಟ್ಟು ಕೂರುವ ಮೊದಲೇ ತುಂಬಿಹೋಗುತ್ತಿತ್ತು. ಕಾಯುವ ಕೆಲಸ ಮುಗಿಯಿತು; ಕಾಯುವ ಕೆಲಸದೊಡನೆ ನನ್ನ ಸಮಾಧಾನವೂ ಮುಗಿಯಿತು. ಎರಡೇ ವಾರದಲ್ಲಿ ನನ್ನ ಸ್ವರ ಮತ್ತೆ ಏರಿತು. ಸಿಸ್ಟರ್ ಬಂದಾಗ ಹೇಳಿದೆ. ಅವರು ನಕ್ಕು, "ಪಲತುಳ್ಳಿ ಪೆರುವೆಳ್ಳಂ ಅಲ್ಲೇ ಮಾಷೇ" ಎಂದರು. ಹನಿಗೂಡಿದರೆ ಹಳ್ಳ ಎಂಬ ನಮ್ಮ ಗಾದೆಯೇ ಅದು. ಬೇಸಿಗೆಯಲ್ಲಿ ಕೂಡಿದ್ದು ಎಲ್ಲಿಗೂ ಹೋಗಲಿಲ್ಲ ಎಂಬುದು ಅವರ ಅರ್ಥ. ಮರುದಿನ ಗೊರಬೆ ಹೊದ್ದು ಹೋಗಿ, ತುಂಬಿದ ಕೊಡಪ್ಪಾನವನ್ನು ಪಕ್ಕದಲ್ಲಿಟ್ಟು, ಬೇಸಿಗೆಯಲ್ಲಿ ಎಷ್ಟು ಹೊತ್ತು ಕೂರುತ್ತಿದ್ದೆನೋ ಅಷ್ಟು ಹೊತ್ತು ಕೂತೆ. ಕಾರಣವಿಲ್ಲದೆ ಕೂತದ್ದು ಅದೇ ಮೊದಲು. ಬಹುಶಃ ಆ ದಿನದಿಂದ ಅದಕ್ಕೆ ಧ್ಯಾನವೆಂಬ ಹೆಸರು ಕೊಡಬಹುದು.

ಇನ್ನೊಂದು ಮಾತನ್ನು ಬರೆಯದಿದ್ದರೆ ಲೆಕ್ಕ ತಪ್ಪುತ್ತದೆ. ನಾನು ಸುರಂಗದ ಬಾಯಿಯಲ್ಲಿ ಶಾಂತನಾಗಿ ಕೂತಿರುವಾಗ ಮನೆಯಲ್ಲಿ ಅಬ್ಬೆಯ ಬಟ್ಟೆ ಬದಲಿಸಿ, ಮುಖ ತೊಳೆಸಿ, ಪ್ರಶ್ನೆಗೆ ಉತ್ತರ ಕೊಡುತ್ತಿದ್ದವಳು ಹೆಂಡತಿ. ಆರೇಳು ತಿಂಗಳ ಮೇಲೆ ಒಂದು ಸಂಜೆ ಅವಳು, "ನಿಮ್ಮ ಇಪ್ಪತ್ತು ನಿಮಿಷ ನಿಮಗೆ ಸಿಕ್ಕಿತು, ನನ್ನದು ಎಲ್ಲಿ?" ಎಂದಳು. ಒಬ್ಬನ ಧ್ಯಾನ ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿರುತ್ತದೆ ಎಂದು ಯಾವ ತರಗತಿಯಲ್ಲೂ ನನಗೆ ಹೇಳಿರಲಿಲ್ಲ. ಅಂದಿನಿಂದ ಸಂಜೆ ಐದೂವರೆಗೆ ಅಬ್ಬೆ ನನ್ನ ಪಾಲಿಗೆ. ಅವಳು ಜಗಲಿಯ ತುದಿಯಲ್ಲಿ ಕೂರುತ್ತಾಳೆ. ಜಪ ಮಾಡುತ್ತಾಳೋ, ರಸ್ತೆ ನೋಡುತ್ತಾಳೋ, ಅದು ಅವಳ ಸಂಗತಿ.

2020ರ ಮಾರ್ಚ್ ಕೊನೆಗೆ ನಮ್ಮ ಪರೀಕ್ಷೆ ಬಂತು. ರೋಗದ ಭಯದಲ್ಲಿ ತಲಪಾಡಿಯ ಗಡಿ ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಬಿತ್ತು. ನಮ್ಮ ಕಡೆಯವರು ಚೀಟಿಯಲ್ಲಿ ಕೇರಳದವರಾದರೂ ಕಾಯಿಲೆ ಬಿದ್ದಾಗ ಮಂಗಳೂರಿನವರು. ಅಬ್ಬೆಯ ಡಾಕ್ಟರು ಅಲ್ಲಿ, ಮಾತ್ರೆ ಅಲ್ಲಿಂದ. ಮನೆಯಲ್ಲಿ ಉಳಿದದ್ದು ಐದು ದಿನದ ಮಾತ್ರೆ. ರಾತ್ರಿಯಿಡೀ ಎರಡೂ ರಾಜ್ಯಗಳನ್ನು ಬೈದೆ. ಬೆಳಿಗ್ಗೆ ಸುರಂಗಕ್ಕೆ ಹೋಗಿ ಕೂತೆ. ಶಾಂತಿ ಬರಲಿಲ್ಲ, ಸುಳ್ಳು ಹೇಳಬಾರದು. ಎದೆ ಢವಗುಟ್ಟುತ್ತಲೇ ಇತ್ತು. ಆದರೆ ಹನಿ ಕೇಳುತ್ತ ಕೂತ ಆ ಹೊತ್ತಿನಲ್ಲಿ, ಬೈಗುಳದ ನಡುವೆ ಎಲ್ಲೋ ಸಂದಿ ಬಿಟ್ಟು, ಸಿಸ್ಟರಿಗೆ ಫೋನು ಮಾಡು ಎಂಬ ಸಾದಾ ಯೋಚನೆಯೊಂದು ಬಂತು. ರಾತ್ರಿಯಿಡೀ ಅದು ಹೊಳೆದಿರಲಿಲ್ಲ. ಅವರು ಚೀಟಿಯ ಫೋಟೋ ತರಿಸಿಕೊಂಡು, ಡಾಕ್ಟರನ್ನು ಕೇಳಿ, ಕಾಸರಗೋಡಿನಿಂದ ಅದೇ ಗುಣದ ಮಾತ್ರೆಯನ್ನು ನಾಲ್ಕನೆಯ ದಿನ ಮನೆಗೆ ಮುಟ್ಟಿಸಿದರು. ಆ ದಿನಗಳಲ್ಲಿ ಆಸ್ಪತ್ರೆ ಮುಟ್ಟಲಾಗದೆ ಹೋದ ಜೀವಗಳ ಸುದ್ದಿ ನಾವೆಲ್ಲ ಕೇಳಿದ್ದೇವೆ. ನಮ್ಮ ಪುಣ್ಯ ದೊಡ್ಡದೆಂದು ಹೇಳಲು ನಾಲಗೆ ಏಳುವುದಿಲ್ಲ.

ಧ್ಯಾನದಿಂದ ನಾನು ಸಾಧುವಾಗಲಿಲ್ಲ. ಪ್ರೆಶರಿನ ಮಾತ್ರೆ ಈಗಲೂ ನುಂಗುತ್ತೇನೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿದ್ದೂ ಅಷ್ಟೇ, ಧ್ಯಾನ ಚಿಕಿತ್ಸೆಗೆ ಜೊತೆಯಾಗಬಹುದು, ಬದಲಿಯಾಗದು. ಸಿಟ್ಟು ಆಮೇಲೂ ಬಂತು. ಬೊಬ್ಬೆಯನ್ನೂ ಹಾಕಿದ್ದೇನೆ. ಆದರೆ ಸಿಟ್ಟಿಗೂ ಕೈಗೂ ನಡುವೆ, ಒಂದು ಹನಿಗೂ ಇನ್ನೊಂದು ಹನಿಗೂ ನಡುವೆ ಇರುವಷ್ಟು ಜಾಗ ಉಂಟಾಯಿತು. ಆ ಕುಂಭ ತಿಂಗಳ ರಾತ್ರಿಯ ಮೇಲೆ ಅಬ್ಬೆಯ ಮೈಗೆ ನನ್ನ ಬೆರಳಿನ ಗುರುತು ಬೀಳಲಿಲ್ಲ. ಇಷ್ಟು ವರ್ಷದ ಅಭ್ಯಾಸದ ಲಾಭ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸಬಹುದಾದ ಲೆಕ್ಕ ಇಷ್ಟೇ.

ಉತ್ತರವೂ ಬದಲಾಯಿತು. ಮೊದಲು ತುಂಬಿತು, ತುಂಬಿತು ಎಂದು ಬಾಯಿ ಮುಚ್ಚಿಸಲು ನೋಡುತ್ತಿದ್ದೆ. ತುಂಬಿದ್ದರೆ ಎದ್ದು ಹೋಗಿ ತರಬೇಕಲ್ಲ, ಅದಕ್ಕೇ ಅವಳು ಬಾಗಿಲಿಗೆ ಹೊರಡುತ್ತಿದ್ದದ್ದು. ಸುರಂಗದ ಬಾಯಿಯಲ್ಲಿ ಕೂತು ಕೂತು ಇದು ನನಗೆ ಹೊಳೆಯಿತು. ಆಮೇಲೆ ಅವಳು ಕೇಳಿದಾಗಲೆಲ್ಲ, "ಇನ್ನು ರಜ್ಜ ಇದ್ದು ಅಬ್ಬೆ" ಎನ್ನುತ್ತಿದ್ದೆ. ಹಾಗೋ ಎಂಬಂತೆ ತಲೆಯಾಡಿಸಿ, ಮಂಚದ ಮೇಲೆಯೇ ಮೊಣಕಾಲು ಮಡಚಿ, ಕಾಯುವ ಭಂಗಿಯಲ್ಲಿ ಕೂತುಬಿಡುತ್ತಿದ್ದಳು. ಆಗ ಅವಳ ಮುಖದಲ್ಲಿ ಕಾಣುತ್ತಿದ್ದದ್ದು ನಾನು ಹುಡುಗನಾಗಿದ್ದಾಗ ಕಂಡ ಮುಖ.

2021ರಲ್ಲಿ ಮಾತು ನಿಂತಿತು. ಪ್ರಶ್ನೆಯೂ ನಿಂತಿತು. ಒಂದು ಕಾಲಕ್ಕೆ ನನ್ನನ್ನು ಹುಚ್ಚು ಹಿಡಿಸಿದ ಆ ಪ್ರಶ್ನೆಗೆ ನಾನೇ ಕಿವಿಗೊಟ್ಟು ಕಾಯುವ ಹಾಗಾಯಿತು. ಆ ವರ್ಷದ ಆಟಿ ತಿಂಗಳಲ್ಲಿ, ಸುರಂಗ ಉಕ್ಕಿ ಹರಿಯುತ್ತಿದ್ದ ದಿನ, ಅಬ್ಬೆ ಹೋದಳು. ಬಾಯಿಗೆ ಬಿಟ್ಟ ಕೊನೆಯ ನೀರು ಅಲ್ಲಿಯದೇ.

ಈಗ ಆ ನೀರೇ ಬೇಕೆಂದು ಹಟ ಹಿಡಿಯುವವರು ಮನೆಯಲ್ಲಿ ಯಾರೂ ಇಲ್ಲ. ಆದರೂ ಬೆಳಗಿನ ಕಾಫಿಯನ್ನು ನಾವಿಬ್ಬರೂ ಆ ನೀರಿನಲ್ಲೇ ಕುಡಿಯುತ್ತೇವೆ. ಬೇಸಿಗೆಯಲ್ಲಿ ತಡವಾಗುತ್ತದೆ. ಅಡುಗೆಮನೆಯ ಹಿಂಬಾಗಿಲಿನಿಂದ ಹೆಂಡತಿ ಗುಡ್ಡದ ಕಡೆ ಮುಖ ಮಾಡಿ ಕೂಗುತ್ತಾಳೆ:

"ತುಂಬಿತ್ತಾ?"

"ಇನ್ನು ರಜ್ಜ ಇದ್ದು" ಎನ್ನುತ್ತೇನೆ.